ಅನ್ನ-ಸಾರು ಬಿಡದೆ ಊಟ ಸರಿಮಾಡಿಕೊಳ್ಳಿ: ದಿನಸಿ ಚೀಟಿಯಿಂದ ಶುರು

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಅನ್ನ ಬಿಟ್ಟು ಚಪಾತಿ ತಿನ್ನಲಾ? ಮುದ್ದೆ ತಿಂದರೆ ಶುಗರ್ ಬರಲ್ವಾ? ಸಕ್ಕರೆ ಬದಲು ಬೆಲ್ಲ ಹಾಕಿದರೆ ಆಯ್ತಾ? ಪ್ರೋಟೀನ್ ಪುಡಿ ತಗೋಬೇಕಾ? ಕೇಳುವವರಲ್ಲಿ ಮೂವತ್ತರ ಹರೆಯದವರಿದ್ದಾರೆ, ಅರವತ್ತು ದಾಟಿದವರೂ ಇದ್ದಾರೆ. ಎಲ್ಲರಿಗೂ ಒಂದೇ ಆಸೆ. ತಿನ್ನುವುದು ಮೈಗೆ ಹಿಡಿಯಬೇಕು, ಮನೆಯವರಿಗೆಲ್ಲ ಬೇರೆ ಬೇರೆ ಅಡುಗೆ ಮಾಡುವ ಕಷ್ಟ ಬೇಡ.

ನನ್ನ ಉತ್ತರ ಇಷ್ಟೇ. ನಿಮ್ಮ ಮನೆಯ ಅಡುಗೆಯಲ್ಲಿ ದೋಷವಿಲ್ಲ, ಅಳತೆ ತಪ್ಪಿದೆ. ಅನ್ನ ಜಾಸ್ತಿಯಾಗಿದೆ, ಬೇಳೆ ಕಮ್ಮಿಯಾಗಿದೆ, ಸೊಪ್ಪು-ತರಕಾರಿ ನಂಚಿಕೊಳ್ಳುವಷ್ಟಕ್ಕೆ ಇಳಿದಿದೆ. ಇದನ್ನು ಸರಿಮಾಡಲು ಹೊಸ ತಿಂಡಿ, ಹೊಸ ಪುಡಿ ಯಾವುದೂ ಬೇಡ. ತಿಂಗಳ ದಿನಸಿ ಚೀಟಿ ತೆಗೆದುಕೊಂಡು ಕೂತರೆ ಸಾಕು. ಮನೆಯವರ ಹೊಟ್ಟೆಗೆ ಏನು ಹೋಗುತ್ತಿದೆ ಅನ್ನುವುದು ಅದರಲ್ಲಿ ಬರೆದಿರುತ್ತದೆ.

ಶುರು ಮಾಡುವ ಮೊದಲು

ಬೇಕಾಗುವುದು ಹೆಚ್ಚೇನಿಲ್ಲ. ಹೋದ ತಿಂಗಳ ದಿನಸಿ ಚೀಟಿ ಅಥವಾ ಬಿಲ್ಲು. ಒಂದು ನೋಟ್‌ಬುಕ್. ಔಷಧಿಯ ಬಾಟಲಿ ಜೊತೆ ಬರುವ 5 ಮಿಲಿಲೀಟರ್ ಚಮಚ. ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೀವು ಅಕ್ಕಿ, ಬೇಳೆ ಅಳೆಯುವ ಪಾವು ಅಥವಾ ಲೋಟವನ್ನು ಅಂಗಡಿಗೆ ಒಯ್ದು, ಅದರ ತುಂಬ ಅಕ್ಕಿ ಎಷ್ಟು ಗ್ರಾಂ, ತೊಗರಿಬೇಳೆ ಎಷ್ಟು ಗ್ರಾಂ ಎಂದು ಒಮ್ಮೆ ತೂಗಿಸಿ ಬರೆದಿಟ್ಟುಕೊಳ್ಳಿ. ಆಮೇಲೆ ತೂಕದ ಗೊಡವೆ ಇಲ್ಲ.

ಒಂದು ಎಚ್ಚರಿಕೆ. ಕಿಡ್ನಿ ತೊಂದರೆ ಇರುವವರು, ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ಇಲ್ಲಿನ ಅಳತೆಗಳನ್ನು ನೇರವಾಗಿ ಪಾಲಿಸಬೇಡಿ. ನಿಮ್ಮ ವೈದ್ಯರಿಗೆ ತೋರಿಸಿ. ಕಿಡ್ನಿ ತೊಂದರೆ ಇದ್ದರೆ ಬೇಳೆಕಾಳು ಹೆಚ್ಚಿಸುವುದೇ ಅಪಾಯ ಆಗಬಹುದು. ಶುಗರ್ ಮಾತ್ರೆ ತಗೊಳ್ಳುವವರು ಏಕಾಏಕಿ ಅನ್ನ ಕಮ್ಮಿ ಮಾಡಿದರೆ ಸಕ್ಕರೆ ಅಂಶ ತೀರಾ ಕೆಳಗಿಳಿದು ತಲೆ ಸುತ್ತಬಹುದು. ಚಿಕ್ಕ ಮಕ್ಕಳಿಗೆ ಎಣ್ಣೆ, ತುಪ್ಪ ಕತ್ತರಿಸಬೇಡಿ. ಬೆಳೆಯುವ ಮೈಗೆ ಅದು ಬೇಕು.

ಹಂತ 1: ಚೀಟಿಯ ಲೆಕ್ಕ ಹಾಕಿ

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದರೆ ಎನ್‌ಐಎನ್, 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದ ಒಬ್ಬರಿಗೆ ಯಾವ ಪದಾರ್ಥ ಎಷ್ಟು ಎಂದು ಅದರಲ್ಲಿದೆ. ಕ್ಯಾಲೊರಿ ಅಂದರೆ ಊಟದಿಂದ ಸಿಗುವ ಶಕ್ತಿಯ ಅಳತೆ, ಅಷ್ಟೇ. ಬೇಯಿಸುವ ಮೊದಲಿನ ತೂಕದಲ್ಲಿ ಲೆಕ್ಕ ಹೀಗಿದೆ:

- ಧಾನ್ಯ (ಅಕ್ಕಿ, ರಾಗಿ, ಜೋಳ, ಗೋಧಿ, ರವೆ, ಅವಲಕ್ಕಿ ಎಲ್ಲ ಸೇರಿ): 250 ಗ್ರಾಂ
- ಬೇಳೆಕಾಳು (ಮೊಟ್ಟೆ, ಮೀನು, ಮಾಂಸ ತಿನ್ನುವವರು ಸ್ವಲ್ಪ ಭಾಗ ಅದರಿಂದ ತುಂಬಬಹುದು): 85 ಗ್ರಾಂ
- ಸೊಪ್ಪು, ತರಕಾರಿ: 400 ಗ್ರಾಂ
- ಹಣ್ಣು: 100 ಗ್ರಾಂ
- ಹಾಲು ಅಥವಾ ಮೊಸರು: 300 ಮಿಲಿಲೀಟರ್
- ಕಡಲೆಕಾಯಿ, ಎಳ್ಳು, ಬಾದಾಮಿಯಂಥ ಬೀಜಗಳು: 35 ಗ್ರಾಂ
- ಎಣ್ಣೆ, ತುಪ್ಪ: 27 ಗ್ರಾಂ

ಇದನ್ನು ನಾಲ್ಕು ಜನರ ಮನೆಗೆ, 30 ದಿನಕ್ಕೆ ಗುಣಿಸಿ. ಧಾನ್ಯ 30 ಕೆಜಿ. ಬೇಳೆಕಾಳು 10 ಕೆಜಿ. ಬೀಜಗಳು 4 ಕೆಜಿ. ಎಣ್ಣೆ, ತುಪ್ಪ ಸೇರಿ ಸುಮಾರು ಮೂರೂವರೆ ಲೀಟರ್. ಹಾಲು ದಿನಕ್ಕೆ ಒಂದೂಕಾಲು ಲೀಟರ್. ತರಕಾರಿ ದಿನಕ್ಕೆ ಒಂದೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ.

ಈಗ ನಿಮ್ಮ ಚೀಟಿ ನೋಡಿ. ತೊಗರಿಬೇಳೆ ಎರಡು ಕೆಜಿ, ಕಡಲೆಬೇಳೆ ಅರ್ಧ, ಉದ್ದಿನಬೇಳೆ ಒಂದು, ಹೆಸರುಕಾಳು ಅರ್ಧ ಅಂತ ಇದೆ ಅಲ್ವಾ? ಎಲ್ಲ ಕೂಡಿಸಿದರೂ ನಾಲ್ಕು ಕೆಜಿ ದಾಟುವುದಿಲ್ಲ. ಎಣ್ಣೆ ಮಾತ್ರ ಐದು ಲೀಟರಿನ ಕ್ಯಾನು. ನೀವು ಹುಡುಕುತ್ತಿದ್ದ ಉತ್ತರ ಈ ಎರಡು ಸಾಲಿನಲ್ಲೇ ಇದೆ.

ಇಲ್ಲಿ ತುಂಬ ಜನ ಎಡವುವ ಜಾಗಗಳು ಎರಡು. ಒಂದು, ಅಕ್ಕಿಹಿಟ್ಟು, ಶಾವಿಗೆ, ಬ್ರೆಡ್, ಬಿಸ್ಕತ್ತು, ರಸ್ಕ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವೂ ಧಾನ್ಯದ ಸಾಲಿಗೇ ಬರುತ್ತವೆ. ಎರಡು, ರೇಷನ್ ಅಂಗಡಿಯಿಂದ ತಂದ ಅಕ್ಕಿ, ಊರಿಂದ ಬಂದ ರಾಗಿ ಚೀಟಿಯಲ್ಲಿ ಇರುವುದಿಲ್ಲ. ಅದನ್ನೂ ಸೇರಿಸಿ. ಮಕ್ಕಳು ಇದಕ್ಕಿಂತ ಕಮ್ಮಿ ತಿನ್ನುತ್ತಾರೆ, ಹೊಲ-ಗದ್ದೆಯಲ್ಲಿ ದುಡಿಯುವವರಿಗೆ ಜಾಸ್ತಿ ಬೇಕು. ಹಾಗಾಗಿ ಗ್ರಾಂ ಹಿಡಿದು ಜಗ್ಗಾಡಬೇಡಿ. ಯಾವ ಸಾಲು ತೀರಾ ಮೇಲಿದೆ, ಯಾವುದು ತೀರಾ ಕೆಳಗಿದೆ ಎಂದು ಗೊತ್ತಾದರೆ ಸಾಕು.

ಹಂತ 2: ಮೊದಲು ಬೇಳೆಕಾಳು ಹೆಚ್ಚಿಸಿ

ಎಲ್ಲರೂ ಅನ್ನ ಕಮ್ಮಿ ಮಾಡುವುದರಿಂದ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಅನ್ನ ಕಮ್ಮಿಯಾದ ಜಾಗಕ್ಕೆ ಏನೂ ಬರದಿದ್ದರೆ ಸಂಜೆ ನಾಲ್ಕಕ್ಕೆ ಹೊಟ್ಟೆ ಚುರುಗುಟ್ಟುತ್ತದೆ, ಕೈ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ. ಮೊದಲು ಬೇಳೆಕಾಳು ಏರಲಿ. ಅನ್ನ ತಾನಾಗಿ ಇಳಿಯುತ್ತದೆ.

ಒಂದು ಲೆಕ್ಕ ನೋಡಿ. ನಾಲ್ಕು ಜನಕ್ಕೆ ತಿಳಿಸಾರು ಮಾಡಲು ಕುಕ್ಕರಿಗೆ 100 ಗ್ರಾಂ ತೊಗರಿಬೇಳೆ ಹಾಕಿದಿರಿ ಅಂದುಕೊಳ್ಳಿ. ತಲೆಗೆ 25 ಗ್ರಾಂ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಒಬ್ಬರಿಗೆ ಐದೂವರೆ ಗ್ರಾಂ. ಅದೂ ಬೇಳೆ ಎಲ್ಲರಿಗೂ ಸಮನಾಗಿ ಸಿಕ್ಕರೆ. ತಿಳಿಸಾರಿನಲ್ಲಿ ಬೇಳೆ ತಳಕ್ಕೆ ಕೂತಿರುತ್ತದೆ. ಸೌಟನ್ನು ಮೇಲಿಂದ ಅದ್ದಿ ಬಡಿಸಿದರೆ ತಟ್ಟೆಗೆ ಬರುವುದು ಹುಣಸೆಹುಳಿ, ಸಾರಿನ ಪುಡಿ ಬೆರೆತ ನೀರು.

ಪ್ರೋಟೀನ್ ಅಂದರೆ ಮೈಯಲ್ಲಿ ಮಾಂಸಖಂಡ ಕಟ್ಟುವ, ಗಾಯ ಮಾಯಿಸುವ, ಹೊಟ್ಟೆ ತುಂಬಿದ ಭಾವ ಕೊಡುವ ಅಂಶ. ದೊಡ್ಡವರಿಗೆ ದಿನಕ್ಕೆ, ಮೈತೂಕದ ಪ್ರತಿ ಕೆಜಿಗೆ 0.83 ಗ್ರಾಂ ಬೇಕು ಎನ್ನುತ್ತದೆ ಎನ್‌ಐಎನ್. 60 ಕೆಜಿ ತೂಗುವವರಿಗೆ 50 ಗ್ರಾಂ ಆಯಿತು. ಮೇಲಿನ ಪಟ್ಟಿಯಂತೆ ತಿಂದರೆ ಧಾನ್ಯದಿಂದ ಸುಮಾರು 20, ಬೇಳೆಕಾಳಿನಿಂದ 18, ಹಾಲು-ಮೊಸರಿನಿಂದ 9, ಬೀಜಗಳಿಂದ 7 ಗ್ರಾಂ ಸಿಗುತ್ತದೆ. ಐವತ್ತು ದಾಟಿತಲ್ಲ! ಪುಡಿಯ ಡಬ್ಬಕ್ಕೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಈ ಲೆಕ್ಕ ಹಾಕಿ ನೋಡಿ.

85 ಗ್ರಾಂ ಬೇಳೆಕಾಳನ್ನು ಒಂದೇ ಹೊತ್ತಿಗೆ ತಿನ್ನಲು ಆಗುವುದಿಲ್ಲ. ಮೂರು ಹೊತ್ತಿಗೆ ಹಂಚಿ.

ಬೆಳಿಗ್ಗೆ: ಉಪ್ಪಿಟ್ಟು, ಅವಲಕ್ಕಿಗೆ ಒಂದು ಹಿಡಿ ಬೇಯಿಸಿದ ಹೆಸರುಕಾಳು ಅಥವಾ ಬಟಾಣಿ ಸೇರಿಸಿ. ವಾರಕ್ಕೆರಡು ದಿನ ಹೆಸರುಕಾಳಿನ ದೋಸೆ ಹುಯ್ಯಿರಿ. ಇಡ್ಲಿಗೆ ನಾಲ್ಕಕ್ಕೆ ಒಂದು ಉದ್ದು ಹಾಕುವವರು ಮೂರಕ್ಕೆ ಒಂದು ಹಾಕಿ. ಇಡ್ಲಿಯೂ ಮೆತ್ತಗಾಗುತ್ತದೆ. ಮೊಟ್ಟೆ ತಿನ್ನುವವರಿಗೆ ಕೆಲಸ ಸುಲಭ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, 25 ಗ್ರಾಂ ಬೇಳೆಗೆ ಹತ್ತಿರ ಹತ್ತಿರ ಸಮ.

ಮಧ್ಯಾಹ್ನ: ತಿಳಿಸಾರಿನ ದಿನಗಳನ್ನು ವಾರಕ್ಕೆರಡಕ್ಕೆ ಇಳಿಸಿ. ಉಳಿದ ದಿನ ಹುಳಿ, ಮಸ್ಸೊಪ್ಪು, ಮೊಳಕೆಕಾಳು ಸಾರು, ಹುರುಳಿ ಸಾರು. ಉತ್ತರ ಕರ್ನಾಟಕದ ಕಡೆಯವರಿಗೆ ಜುಣಕ, ಮಡಕೆಕಾಳು ಪಲ್ಯ, ಹೆಸರುಕಾಳು ಪಲ್ಯ ಇದ್ದೇ ಇವೆ. ಕರಾವಳಿಯವರು ಬಂಗುಡೆ, ಬೂತಾಯಿ ಸಾರಿನ ದಿನ ಬೇಳೆಯ ಚಿಂತೆ ಬಿಡಿ. ಅವತ್ತಿನ ಪಾಲು ಮೀನಿನಿಂದಲೇ ತುಂಬುತ್ತದೆ.

ಸಂಜೆ: ಉಸ್ಲಿ ಅಥವಾ ಹುರಿಗಡಲೆ. ಚಹಾದ ಜೊತೆ ಬರುವ ಮಿಕ್ಸ್‌ಚರಿನ ಜಾಗಕ್ಕೆ ಇದು ಬರಲಿ. ಮಕ್ಕಳಿಗೆ ಬೇಯಿಸಿದ ಕಡಲೆಕಾಯಿ.

ಬಸ್ಸಾರಿನ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಯಾಕಂದರೆ ಪೌಷ್ಟಿಕಾಂಶ ಉಳಿಸುವ ಇಷ್ಟು ಚಂದದ ವಿಧಾನ ನನಗೆ ಬೇರೆ ಗೊತ್ತಿಲ್ಲ. ಹುರುಳಿಕಾಳೋ ಅಲಸಂದೆಯೋ ಬೇಯಲು ಹಾಕುತ್ತೀರಿ. ಮುಕ್ಕಾಲು ಬೆಂದಾಗ ದಂಟು ಅಥವಾ ಸಬ್ಬಸಿಗೆ ಸೊಪ್ಪು ಸೇರುತ್ತದೆ. ಬೆಂದ ಮೇಲೆ ಬಸಿಯುತ್ತೀರಿ. ಸೊಪ್ಪು, ಕಾಳಿಗೆ ಒಗ್ಗರಣೆ ಬಿದ್ದು ಪಲ್ಯವಾಯಿತು. ಬಸಿದ ಕಟ್ಟಿಗೆ ಒಂದು ಹಿಡಿ ಬೆಂದ ಕಾಳು, ಕಾಯಿ, ಬೆಳ್ಳುಳ್ಳಿ, ಜೀರಿಗೆ, ಖಾರ ರುಬ್ಬಿ ಸೇರಿಸಿ ಕುದಿಸಿದರೆ ಸಾರು. ಬೇಯಿಸುವಾಗ ನೀರಿಗೆ ಇಳಿಯುವ ಜೀವಸತ್ವಗಳು, ಖನಿಜಗಳು ಮೋರಿಗೆ ಹೋಗದೆ ಮನೆಯವರ ಹೊಟ್ಟೆಗೇ ಬರುತ್ತವೆ. ಬಸ್ಸಾರಿನ ದಿನ ಕಾಳನ್ನು ತಲೆಗೆ 35–40 ಗ್ರಾಂ ಲೆಕ್ಕದಲ್ಲಿ ಹಾಕಿ. ಪಲ್ಯ ತಟ್ಟೆಯ ಮೂಲೆಗೆ ಬೀಳದೆ, ಊಟದ ದೊಡ್ಡ ಭಾಗವೇ ಆಗುತ್ತದೆ.

ಕಾಳು ಜಾಸ್ತಿಯಾದರೆ ಗ್ಯಾಸ್ ಆಗುತ್ತೆ ಅನ್ನುವವರು ಬಹಳ. ನಿಜ, ಆಗುತ್ತದೆ. ಕಾಳಿನಲ್ಲಿರುವ ಕೆಲವು ಬಗೆಯ ಸಕ್ಕರೆಗಳನ್ನು ನಮ್ಮ ಹೊಟ್ಟೆ ಅರಗಿಸಲಾರದು. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಗಾಳಿ ಬಿಡುತ್ತವೆ. ಇದಕ್ಕೆ ದಾರಿ ಇದೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ನೆನೆದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಹೆಸರುಕಾಳು ಒಂದು ದಿನದೊಳಗೆ ಮೊಳೆಯುತ್ತದೆ, ಹುರುಳಿ ಸ್ವಲ್ಪ ತಡ. ಮೊದಲ ವಾರ ದಿನಕ್ಕೆ ಒಂದು ಹಿಡಿ ಮಾತ್ರ ಹೆಚ್ಚಿಸಿ. ಎರಡು ಮೂರು ವಾರದಲ್ಲಿ ಹೊಟ್ಟೆ ಹೊಂದಿಕೊಳ್ಳುತ್ತದೆ. ಬೇಗ ಬೇಯಲಿ ಅಂತ ಅಡುಗೆ ಸೋಡಾ ಮಾತ್ರ ಹಾಕಬೇಡಿ. ಅದು ಬಿ ಗುಂಪಿನ ಜೀವಸತ್ವಗಳನ್ನು ಕೆಡಿಸುತ್ತದೆ.

ಹತ್ತು ಕೆಜಿ ಬೇಳೆಗೆ ದುಡ್ಡು ಎಲ್ಲಿಂದ ತರೋಣ ಅನ್ನುವ ಪ್ರಶ್ನೆ ನ್ಯಾಯವಾದದ್ದು. ಬರೀ ತೊಗರಿಬೇಳೆಯನ್ನೇ ನಂಬಿಕೊಳ್ಳಬೇಡಿ. ಹುರುಳಿ, ಅಲಸಂದೆ, ಹೆಸರುಕಾಳಿನಲ್ಲೂ ಹೆಚ್ಚುಕಮ್ಮಿ ಅಷ್ಟೇ ಪ್ರೋಟೀನ್ ಇದೆ. ಹುರುಳಿಯಲ್ಲಿ ಕಬ್ಬಿಣದ ಅಂಶವೂ ಚೆನ್ನಾಗಿದೆ. ನಾಲ್ಕು ಕೆಜಿ ಇದ್ದದ್ದು ಈ ತಿಂಗಳು ಆರು ಆದರೂ ದೊಡ್ಡ ಹೆಜ್ಜೆ. ಎಣ್ಣೆ, ಬಿಸ್ಕತ್ತು, ಕುರುಕಲಿನಲ್ಲಿ ಉಳಿಯುವ ದುಡ್ಡು ಇದಕ್ಕೆ ಬರುತ್ತದೆ.

ಹಂತ 3: ಬಡಿಸುವ ಕ್ರಮ ಬದಲಿಸಿ

ನಮ್ಮಲ್ಲಿ ದಿನನಿತ್ಯದ ಊಟ ಹೇಗಿರುತ್ತದೆ? ತಟ್ಟೆ ತುಂಬ ಬಿಸಿ ಅನ್ನ, ನಡುವೆ ಗುಳಿ, ಗುಳಿಗೆ ಸಾರು. ಪಲ್ಯಕ್ಕೆ ಉಳಿಯುವುದು ಅಂಚು ಮಾತ್ರ. ಇನ್ನು ಮುಂದೆ ಮೊದಲು ಪಲ್ಯ, ಕೋಸಂಬರಿ, ಸೊಪ್ಪು ಬಡಿಸಿ. ಅರ್ಧ ತಟ್ಟೆ ಅದಕ್ಕೇ ಇರಲಿ. ಉಳಿದರ್ಧದಲ್ಲಿ ಅನ್ನ ಅಥವಾ ಮುದ್ದೆ, ಮಂದವಾದ ಹುಳಿ. ಹಬ್ಬದೂಟದ ಬಾಳೆಎಲೆಯಲ್ಲಿ ಕೋಸಂಬರಿ, ಪಲ್ಯ ಎಲ್ಲ ಬಿದ್ದು ಆಮೇಲೆ ಅನ್ನ ಬರುವುದಲ್ವಾ, ಅದೇ ಕ್ರಮ. ಶುಗರ್ ಇರುವವರು ತರಕಾರಿ, ಬೇಳೆ ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈಹಾಕಿದರೆ, ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವ ವೇಗ ಕಮ್ಮಿಯಾಗುತ್ತದೆ.

ಈ ಹಂತದಲ್ಲಿ ಒಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ಯಾರು? ಅವರ ತಟ್ಟೆ ನೋಡಿ. ಎಲ್ಲರಿಗೂ ಬಡಿಸಿ, ಪಲ್ಯದ ಪಾತ್ರೆ ಖಾಲಿಯಾಗಿ, ಉಳಿದ ಅನ್ನಕ್ಕೆ ಮಜ್ಜಿಗೆ, ಉಪ್ಪಿನಕಾಯಿ ಕಲಸಿಕೊಂಡು ಉಣ್ಣುವ ತಾಯಂದಿರು ಎಷ್ಟೋ ಮನೆಗಳಲ್ಲಿದ್ದಾರೆ. ನನ್ನ ಅಮ್ಮನೂ ಹಾಗೆಯೇ ಉಂಡವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಆದರೆ ಕೊನೆಯ ತಟ್ಟೆಯಲ್ಲಿ ಪಲ್ಯ ಇಲ್ಲದಿರುವುದನ್ನು ನಾವು ಇವತ್ತೇ ಸರಿಮಾಡಬಹುದು. ಅಡುಗೆ ಇಳಿಸಿದ ಕೂಡಲೇ ಅಡುಗೆ ಮಾಡಿದವರ ಪಾಲಿನ ಪಲ್ಯ, ಬೇಳೆ ಒಂದು ಡಬ್ಬಿಗೆ ತೆಗೆದಿಡಿ. ಸಾಧ್ಯವಾದರೆ ಎಲ್ಲ ಒಟ್ಟಿಗೆ ಕೂತು ಉಣ್ಣಿ.

ಹಂತ 4: ಸೊಪ್ಪು, ತರಕಾರಿ, ಹಣ್ಣು

ತಲೆಗೆ 400 ಗ್ರಾಂ ತರಕಾರಿ ಅಂದರೆ ಗಾಬರಿಯಾಗುತ್ತದೆ. ಬಿಡಿಸಿ ನೋಡಿದರೆ ಅಷ್ಟೇನಿಲ್ಲ. ಮಧ್ಯಾಹ್ನ, ರಾತ್ರಿ ಒಂದೊಂದು ಬಟ್ಟಲು ಪಲ್ಯ, ಹುಳಿಯಲ್ಲಿ ನಾಲ್ಕು ಹೋಳು, ಒಂದು ಸೌತೆಕಾಯಿ, ಒಂದು ಕ್ಯಾರೆಟ್. ಆಲೂಗಡ್ಡೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದರಲ್ಲಿರುವುದು ಮುಖ್ಯವಾಗಿ ಪಿಷ್ಟ, ಅನ್ನದಲ್ಲಿರುವಂಥದ್ದೇ.

ವಾರಕ್ಕೆ ನಾಲ್ಕು ದಿನವಾದರೂ ಸೊಪ್ಪು ಇರಲಿ. ದಂಟು, ಹರಿವೆ, ಮೆಂತ್ಯ, ಬಸಳೆ, ಹೊನಗೊನೆ, ಚಕ್ಕೋತ, ನಿಮ್ಮೂರಲ್ಲಿ ಯಾವುದು ಅಗ್ಗವೋ ಅದು. ಹಿತ್ತಲಿನಲ್ಲಿ ನುಗ್ಗೆಮರ ಇದ್ದವರು ಪುಣ್ಯವಂತರು. ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ, ಅಂದರೆ ಮೂಳೆ ಗಟ್ಟಿಯಾಗಿಸುವ ಅಂಶ, 100 ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ. ಮಲೆನಾಡಿನವರ ತಂಬುಳಿ, ಬಯಲುಸೀಮೆಯ ಉಪ್ಸಾರು, ಧಾರವಾಡ ಕಡೆ ರೊಟ್ಟಿ ಜೊತೆ ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ ಕಡಿಯುವ ರೂಢಿ, ಇವೆಲ್ಲ ನಿಮ್ಮ ಕೈಯಲ್ಲೇ ಇರುವ ದಾರಿಗಳು. ಹೊರದೇಶದಲ್ಲಿ ಇರುವವರು ಫ್ರೋಜನ್ ಪಾಲಕ್, ಫ್ರೋಜನ್ ಮೆಂತ್ಯ ಧಾರಾಳವಾಗಿ ಬಳಸಿ. ತಾಜಾ ಸೊಪ್ಪಿಗಿಂತ ಕಡೆಯೇನಲ್ಲ.

ಮಾಡಬಾರದ್ದು: ಹೆಚ್ಚಿದ ಮೇಲೆ ತೊಳೆಯುವುದು. ತೊಳೆದು ಆಮೇಲೆ ಹೆಚ್ಚಿ. ಪಲ್ಯಕ್ಕೆ ನೀರು ಹೆಚ್ಚಾದರೆ ಚೆಲ್ಲಬೇಡಿ, ಸಾರಿಗೆ ಸುರಿಯಿರಿ.

ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಹುಳಿ ಹಣ್ಣುಗಳಲ್ಲಿರುವ ಸಿ ಜೀವಸತ್ವ ಜೊತೆಗಿದ್ದರೆ ಹತ್ತುತ್ತದೆ. ಆದ್ದರಿಂದ ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ಸೀಬೆಹಣ್ಣೋ ನೆಲ್ಲಿಕಾಯಿಯೋ ಇದ್ದರೆ ತುಂಬ ಒಳ್ಳೆಯದು. ಹಣ್ಣನ್ನು ಹಣ್ಣಾಗಿಯೇ ತಿನ್ನಿ. ಜ್ಯೂಸ್ ಮಾಡಿ ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ.

ಹಂತ 5: ಧಾನ್ಯ ಬದಲಿಸುವಾಗ ಎಡವಬೇಡಿ

ರಾಗಿಯ ಬಗ್ಗೆ ನನಗೂ ಬಹಳ ಪ್ರೀತಿ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು. ಬಿಳಿ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಕೂಡ ಇಲ್ಲ, ನಾರು 3 ಗ್ರಾಂ ಒಳಗೆ. ನಾರು ಅಂದರೆ ಅರಗದೆ ಉಳಿದು ಹೊಟ್ಟೆ ಸರಿಯಾಗಿ ಹೋಗುವಂತೆ ಮಾಡುವ, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುವ ಭಾಗ. ಹಾಗಾಗಿ ದಿನದಲ್ಲಿ ಒಂದು ಹೊತ್ತು ಅಕ್ಕಿಯ ಜಾಗಕ್ಕೆ ರಾಗಿ, ಜೋಳ, ನವಣೆ, ಸಾಮೆ ಯಾವುದಾದರೂ ಬರಲಿ.

ಆದರೆ ಮುದ್ದೆ ತಿಂದರೆ ಶುಗರ್ ಬರಲ್ಲ ಅನ್ನುವುದು ತಪ್ಪು. ರಾಗಿಯಲ್ಲೂ ಮೂರನೇ ಎರಡು ಪಾಲು ಪಿಷ್ಟವೇ. ದೊಡ್ಡ ಎರಡು ಮುದ್ದೆ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ನುಣ್ಣಗೆ ಜರಡಿ ಹಿಡಿದ ಹಿಟ್ಟಿನ ಗಂಜಿ ಇನ್ನೂ ಬೇಗ ಏರಿಸುತ್ತದೆ. ಅದಕ್ಕೆ ಸಕ್ಕರೆ ಹಾಕಿ ರಾಗಿ ಮಾಲ್ಟ್ ಅಂತ ಕುಡಿದರೆ ಕೇಳಲೇಬೇಡಿ. ಇನ್ನೊಂದು, ರಾಗಿಯಲ್ಲಿ ಪ್ರೋಟೀನ್ 100 ಗ್ರಾಂಗೆ 7 ಗ್ರಾಂ, ಅಕ್ಕಿಗಿಂತ ಹೆಚ್ಚೇನಿಲ್ಲ. ಮುದ್ದೆಗೆ ಕಾಳಿನ ಸಾರು ಬೇಕೇ ಬೇಕು.

ಸಿರಿಧಾನ್ಯಕ್ಕೆ ಹೊಸದಾಗಿ ಬರುವವರು ಮೂರು ಹೊತ್ತೂ ಅದನ್ನೇ ತಿಂದು, ಹೊಟ್ಟೆ ಉಬ್ಬರಿಸಿ, ಹದಿನೈದು ದಿನಕ್ಕೆ ಕೈಬಿಡುತ್ತಾರೆ. ಒಂದು ಹೊತ್ತಿನಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಥೈರಾಯ್ಡ್ ತೊಂದರೆ ಇದ್ದವರು ನಿತ್ಯ ತಿನ್ನುವ ಮೊದಲು ವೈದ್ಯರನ್ನು ಕೇಳಿ. ಅಕ್ಕಿಯೇ ಬೇಕು ಅನ್ನುವವರಿಗೆ ಕುಚ್ಚಲಕ್ಕಿ ಒಳ್ಳೆಯ ದಾರಿ. ಭತ್ತವನ್ನು ಕುದಿಸಿ ಒಣಗಿಸುವಾಗ ಹೊಟ್ಟಿನ ಕೆಲವು ಜೀವಸತ್ವಗಳು ಕಾಳಿನೊಳಕ್ಕೆ ಇಳಿದಿರುತ್ತವೆ. ಯಾವ ಅಕ್ಕಿಯಾದರೂ ನೀರು ತಿಳಿಯಾಗುವವರೆಗೆ ಐದಾರು ಸಲ ತೊಳೆಯಬೇಡಿ. ಎರಡು ಸಲ ಸಾಕು.

ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಇದೆ ಎಂದು ಆರಿಸಿ ಬಿಸಾಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ತಂದು, ನೂರು ಕೆಜಿಗೆ ಒಂದು ಕೆಜಿಯಂತೆ ಬೆರೆಸಿರುತ್ತಾರೆ. ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ನೀರಿನಲ್ಲಿ ಕೆಲವು ತೇಲುತ್ತವೆ. ಆರಿಸದೆ ಬೇಯಿಸಿ. ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳಿ.

ಹಂತ 6: ಎಣ್ಣೆ, ಉಪ್ಪು, ಸಕ್ಕರೆಗೆ ಗೆರೆ ಹಾಕಿ

ಎಣ್ಣೆ: ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ನಿಲ್ಲಿಸಿ. ತಿಂಗಳ ಒಂದನೇ ತಾರೀಖು ಮೂರೂವರೆ ಲೀಟರನ್ನು, ತುಪ್ಪ ಬಳಸಿದರೆ ಅಷ್ಟು ಕಳೆದು, ಬೇರೆ ತೆಗೆದಿಡಿ. ದಿನಾ ಬೆಳಿಗ್ಗೆ ಅಂದಿನ ಪಾಲನ್ನು ಚಿಕ್ಕ ಬಾಟಲಿಗೆ ಹಾಕಿಕೊಳ್ಳಿ. ನಾಲ್ಕು ಜನಕ್ಕೆ ಒಂದು ಕಾಫಿ ಲೋಟದಷ್ಟು, ಸುಮಾರು 120 ಮಿಲಿಲೀಟರ್. ಮೊದಲ ವಾರ ಮಧ್ಯಾಹ್ನಕ್ಕೇ ಬಾಟಲಿ ತಳ ಕಾಣುತ್ತದೆ. ಆಗಲೇ ಗೊತ್ತಾಗುವುದು, ಒಗ್ಗರಣೆಗೆ ಮೂರು ಚಮಚ ಹಾಕುವ ಕಡೆ ಒಂದೂವರೆ ಸಾಕು ಅಂತ. ಕೊಬ್ಬರಿ ಎಣ್ಣೆ, ಗಾಣದ ಎಣ್ಣೆ, ತುಪ್ಪ, ಯಾವುದಾದರೂ ಕ್ಯಾಲೊರಿ ಒಂದೇ. ಒಳ್ಳೆಯ ಎಣ್ಣೆ ಅಂತ ಜಾಸ್ತಿ ಹಾಕುವಂತಿಲ್ಲ. ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಬಳಸಬೇಡಿ. ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ.

ಉಪ್ಪು: ದಿನಕ್ಕೆ ಒಬ್ಬರಿಗೆ 5 ಗ್ರಾಂ, ಸಮ ಮಾಡಿದ ಒಂದು ಟೀ ಚಮಚ. ನಾಲ್ಕು ಜನಕ್ಕೆ ತಿಂಗಳಿಗೆ 600 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪೂ ಇದರೊಳಗೇ. ಹಾಗಾಗಿ ಒಂದು ಕೆಜಿ ಪ್ಯಾಕೆಟ್ ಒಂದೂವರೆ ತಿಂಗಳಿಗಿಂತ ಹೆಚ್ಚು ಬರಬೇಕು. ಅನ್ನ, ಚಪಾತಿಹಿಟ್ಟು, ಮಜ್ಜಿಗೆಗೆ ಹಾಕುವ ಉಪ್ಪನ್ನು ಮೊದಲು ಬಿಡಿ. ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸೋಡಿಯಂ ಕಮ್ಮಿ ಇರುವ ಉಪ್ಪು ಅಂತ ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಬಿಪಿಗೆ ಮಾತ್ರೆ ನುಂಗುವವರು ಕೇಳದೆ ಬಳಸಬೇಡಿ.

ಸಕ್ಕರೆ: ದಿನಕ್ಕೆ 25 ಗ್ರಾಂ ದಾಟದಿರಲಿ. ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ ಅಂದರೆ ಅಲ್ಲಿಗೇ ಮುಗಿಯಿತು. ಬೆಲ್ಲವೂ ಸಕ್ಕರೆಯೇ. ರುಚಿಗೆ ಬಳಸಿ, ಔಷಧಿ ಅಂತ ಬಳಸಬೇಡಿ. ಕಾಲು ಚಮಚದಂತೆ ವಾರಕ್ಕೊಮ್ಮೆ ಇಳಿಸುತ್ತಾ ಬನ್ನಿ.

ಹಂತ 7: ಕಾಫಿ, ಚಹಾ ಊಟದಿಂದ ದೂರ ಇರಲಿ

ಚಹಾ, ಕಾಫಿಯಲ್ಲಿರುವ ಟ್ಯಾನಿನ್, ಅಂದರೆ ಒಗರು ಕೊಡುವ ಅಂಶ, ಊಟದಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ. ಊಟ, ತಿಂಡಿಗೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕುಡಿಯಬೇಡಿ. ಇಡ್ಲಿ ತಿಂದು ಕೂಡಲೇ ಫಿಲ್ಟರ್ ಕಾಫಿ ಕುಡಿಯುವ ಊರಿನವರಿಗೆ ಇದು ಕಷ್ಟ, ಒಪ್ಪುತ್ತೇನೆ. ಎದ್ದ ಕೂಡಲೇ ಒಂದು, ಹನ್ನೊಂದಕ್ಕೆ ಒಂದು ಅಂತ ಸಮಯ ಬದಲಿಸಿ. ರಕ್ತ ಕಮ್ಮಿ ಇದೆ ಎಂದು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗಂತೂ ಇದು ಬಹಳ ಮುಖ್ಯ.

ಹಂತ 8: ಪ್ಯಾಕೆಟ್ಟಿನ ಹಿಂಭಾಗ ಓದಿ

ಮುಂಭಾಗದಲ್ಲಿ ಏನೇ ಬರೆದಿರಲಿ, ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಮ್ಮಿ ಇರುವುದು ಕೊನೆಗೆ ಬರಬೇಕು ಅನ್ನುವುದು ನಿಯಮ. ರಾಗಿ ಬಿಸ್ಕತ್ತಿನ ಪಟ್ಟಿಯಲ್ಲಿ ಮೈದಾ, ಸಕ್ಕರೆ, ಪಾಮ್ ಎಣ್ಣೆ ಮೊದಲಿದ್ದು ರಾಗಿ ನಾಲ್ಕನೆಯದಾಗಿದ್ದರೆ ಅದು ಮೈದಾ ಬಿಸ್ಕತ್ತೇ.

ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 100 ಗ್ರಾಂಗೆ 1000 ಮಿಲಿಗ್ರಾಂ ಸೋಡಿಯಂ ಅಂದರೆ ಎರಡೂವರೆ ಗ್ರಾಂ ಉಪ್ಪು, ದಿನದ ಪಾಲಿನ ಅರ್ಧ. ಸಕ್ಕರೆಯನ್ನು ನಾಲ್ಕರಿಂದ ಭಾಗಿಸಿ, ಎಷ್ಟು ಚಮಚ ಎಂದು ತಿಳಿಯುತ್ತದೆ. ಅಂಕಿಗಳು 100 ಗ್ರಾಂಗೋ, ಒಂದು ಸಲ ತಿನ್ನುವ ಪಾಲಿಗೋ ಎಂದು ನೋಡುವುದನ್ನು ಮರೆಯಬೇಡಿ. ಆ ಒಂದು ಪಾಲು ಅಂತ ಬರೆದಿರುವುದು ಎರಡೇ ಬಿಸ್ಕತ್ತು ಇರಬಹುದು.

ಹಂತ 9: ತಿಂಗಳ ಕೊನೆಗೆ

ಹೊಸ ಚೀಟಿಯನ್ನು ಹಳೆಯದರ ಪಕ್ಕ ಇಟ್ಟು ಮೂರೇ ಸಾಲು ನೋಡಿ: ಬೇಳೆಕಾಳು, ಎಣ್ಣೆ, ಸಕ್ಕರೆ. ಬೇಳೆಕಾಳು ಎರಡು ಕೆಜಿ ಏರಿದ್ದರೆ, ಎಣ್ಣೆ ಒಂದು ಲೀಟರ್ ಇಳಿದಿದ್ದರೆ ತಿಂಗಳು ಚೆನ್ನಾಗಿ ಹೋಗಿದೆ. ಹಬ್ಬ, ಮದುವೆ ಇದ್ದ ತಿಂಗಳು ಲೆಕ್ಕ ತಪ್ಪುತ್ತದೆ. ತಪ್ಪಲಿ ಬಿಡಿ. ಮುಂದಿನ ತಿಂಗಳ ಚೀಟಿ ಬರೆಯುವಾಗ ಮತ್ತೆ ಶುರು.

ತೂಕ ನೋಡುವುದಾದರೆ ವಾರಕ್ಕೊಮ್ಮೆ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ದಿನಾ ನೋಡಿದರೆ ಸುಮ್ನೆ ಚಿಂತೆ. ಮೂರು ತಿಂಗಳಾದ ಮೇಲೆ ಮನೆಯ ದೊಡ್ಡವರೆಲ್ಲ ಹಿಮೋಗ್ಲೋಬಿನ್ ಮತ್ತು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಮೊದಲನೆಯದು ರಕ್ತದಲ್ಲಿ ಕಬ್ಬಿಣದ ಅಂಶವಿರುವ ಕೆಂಪು ವಸ್ತುವಿನ ಅಳತೆ. ಎರಡನೆಯದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ. ಹಿಮೋಗ್ಲೋಬಿನ್ ಗರ್ಭಿಣಿಯಲ್ಲದ ಹೆಂಗಸರಲ್ಲಿ 12, ಗಂಡಸರಲ್ಲಿ 13ಕ್ಕಿಂತ ಕಮ್ಮಿ ಬಂದರೆ ಸೊಪ್ಪು ತಿನ್ನುತ್ತೇನೆ ಅಂತ ಕಾಯಬೇಡಿ. ವೈದ್ಯರ ಹತ್ತಿರ ಹೋಗಿ. ಎಚ್‌ಬಿಎ1ಸಿ 5.7 ದಾಟಿದ್ದರೂ ಹಾಗೆಯೇ. ಹೋಗುವಾಗ ಎರಡೂ ದಿನಸಿ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಏನು ತಿನ್ನುತ್ತೀರಿ ಎಂದು ಅವರು ಕೇಳಿದಾಗ ಅದನ್ನೇ ತೋರಿಸಬಹುದು.